ಅವಧಾನ ಭಕ್ತಿ

(ಶ್ರಾವಣ ಮಾಸದ ಪ್ರವಚನ, ಹನ್ನೆರಡನೆಯ ದಿನ)



ನಿನ್ನೆಯ ದಿನ ಮಹೇಶಸ್ಥಲದ ನಿಷ್ಠೆಯ ವಿಚಾರವನ್ನು ಹೇಳಿ ಮುಗಿಸಿದೆವು. ಇಂದು ಪ್ರಸಾದಿಸ್ಥಲಕ್ಕೆ ಬಂದಿದ್ದೇವೆ. ಆರು ಸ್ಥಲಗಳಲ್ಲಿ ಒಂದೊಂದಕ್ಕೂ ಒಂದೊಂದು ಬಗೆಯ ಭಕ್ತಿಯನ್ನು ನಮ್ಮ ಹಿರಿಯರು ಹೇಳಿದ್ದಾರೆಂಬುದನ್ನು ನೀವು ಬಲ್ಲಿರಿ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಶ್ರದ್ಧೆ ಎಂದರೇನು, ಆನಂದ ಎಂದರೇನು ಎಂದು ಕೇಳಿದರೆ ಯಾರಾದರೂ ಏನಾದರೂ ಹೇಳುತ್ತಾರೆ. ಅವಧಾನ ಎಂದರೇನೆಂದು ಕೇಳಿದರೆ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದು ಬೇರೇನೂ ಅಲ್ಲ, ಲಕ್ಷ್ಯ. ಎದುರಿಗಿರುವುದರ ಮೇಲೆ ಇಡೀ ಮನಸ್ಸನ್ನು ಇಡುವುದು. ಇಷ್ಟು ಸಾಮಾನ್ಯವಾದ ಒಂದು ಸಂಗತಿಯನ್ನು ಹಿರಿಯರು ಭಕ್ತಿ ಎಂದು ಏಕೆ ಕರೆದರು? ಕರೆದು, ಅದನ್ನು ಪ್ರಸಾದಿಗೇ, ಅಂದರೆ ಕೈಯೊಡ್ಡಿ ಪಡೆಯುವವನಿಗೇ, ಏಕೆ ಕೊಟ್ಟರು? ಇದನ್ನೇ ಇಂದು ವಿಚಾರ ಮಾಡೋಣ.

ಈ ವಿಚಾರ ನಮ್ಮ ತಲೆಗೆ ಹೊಕ್ಕದ್ದು ಪುಸ್ತಕದಿಂದಲ್ಲ, ದಾಸೋಹದ ಪಂಕ್ತಿಯಿಂದ. ಮೊನ್ನೆ ಸೋಮವಾರ ನಾವು ಪಂಕ್ತಿಯ ನಡುವೆ ನಡೆದು ಬರುತ್ತಿದ್ದೆವು. ನಮ್ಮೂರಿನವನೇ ಆದ ಒಬ್ಬ ಹುಡುಗ, ಬೆಂಗಳೂರಿನ ಕಂಪನಿಯಲ್ಲಿ ಕೆಲಸದಲ್ಲಿರುವವನು, ಪ್ರಸಾದಕ್ಕೆ ಕುಳಿತಿದ್ದ. ನೀರಿನ ತಂಬಿಗೆಗೆ ಫೋನನ್ನು ಆನಿಸಿ ಇಟ್ಟಿದ್ದ. ಅದರಲ್ಲಿ ಯಾರೋ ಮಾತನಾಡುತ್ತಿದ್ದರು. ಎಡಗೈ ಬೆರಳಿನಿಂದ ಅದಕ್ಕೆ ಉತ್ತರ ಬರೆಯುತ್ತಿದ್ದ, ಬಲಗೈಯಿಂದ ರೊಟ್ಟಿ ಮುರಿಯುತ್ತಿದ್ದ, ನಡುನಡುವೆ ಪಕ್ಕದವನಿಗೂ ಹೂಂಗುಟ್ಟುತ್ತಿದ್ದ. ನಮ್ಮನ್ನು ಕಂಡು ನಾಚಿದ. ಆದರೆ ಹುಡುಗ ಚುರುಕು. "ಅಪ್ಪಾರ, ಈಗಿನ ಕಾಲದಾಗ ಒಂದ ಕೆಲಸ ಹಿಡಕೊಂಡು ಕುಂತ್ರ ಆಗೂದಿಲ್ರಿ. ನಾಕು ಕೆಲಸ ಕೂಡೇ ಮಾಡಬೇಕು. ಇದಕ್ಕ ಮಲ್ಟಿಟಾಸ್ಕಿಂಗ್ ಅಂತಾರ್ರೀ" ಎಂದ. ನಾವು ಕೇಳಿದೆವು, "ಭಾಳ ಚಲೋ ಆತು. ಇವತ್ತ ಏನು ಪಲ್ಯ ಮಾಡಿದ್ರಪ್ಪಾ?" ಹುಡುಗ ತಾಟು ನೋಡಿದ. ತಾಟು ಖಾಲಿಯಾಗಿತ್ತು.

ನಗಬೇಡಿರಿ, ಅವನೊಬ್ಬನ ಕಥೆಯಲ್ಲ ಇದು. ಮುಂದೆ ನಮ್ಮ ಕಥೆಯೂ ಬರುವುದಿದೆ.

ಆ ಹುಡುಗನನ್ನೇ ಸಂಜೆ ಕರೆಸಿ, ಆ ಮಾತಿನ ಮೂಲವೇನೆಂದು ಕೇಳಿದೆವು. ಅದು ಹುಟ್ಟಿದ್ದು ಮನುಷ್ಯನನ್ನು ಕುರಿತಲ್ಲ. 1960ರ ದಶಕದಲ್ಲಿ ಗಣಕಯಂತ್ರಗಳ ವಿಷಯದಲ್ಲಿ ಹುಟ್ಟಿದ ಮಾತು ಅದು. ಯಂತ್ರವಾದರೂ ಒಂದೇ ಹೊತ್ತಿಗೆ ಹತ್ತು ಲೆಕ್ಕ ಮಾಡುತ್ತಿತ್ತೇ ಎಂದರೆ ಅದೂ ಇಲ್ಲ. ಲೆಕ್ಕ ಮಾಡುವ ಅಂಗ ಒಂದೇ ಇದ್ದ ಯಂತ್ರವು ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಕಡಿಮೆ ಹೊತ್ತು ಒಂದು ಕೆಲಸ ಮಾಡಿ, ಎಲ್ಲಿಗೆ ನಿಂತಿತೆಂಬುದನ್ನು ಚಾಚೂ ತಪ್ಪದೆ ಬರೆದಿಟ್ಟು, ಇನ್ನೊಂದಕ್ಕೆ ಹೋಗಿ, ಮತ್ತೆ ಬಂದು ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ನೋಡುವವರಿಗೆ ಎಲ್ಲವೂ ಕೂಡಿಯೇ ನಡೆದಂತೆ ಕಾಣುತ್ತದೆ. ನಮ್ಮ ಮನಸ್ಸಾದರೋ ಬಿಟ್ಟುಹೋಗುವಾಗ ಗುರುತು ಬರೆದಿಟ್ಟು ಹೋಗುವುದಿಲ್ಲ. ಮರಳಿ ಬಂದು, ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ತಡಕಾಡುತ್ತದೆ. ಯಂತ್ರಕ್ಕೆ ಇಟ್ಟ ಹೆಸರನ್ನು ಮನುಷ್ಯ ತನ್ನ ಬಿರುದು ಮಾಡಿಕೊಂಡ. ಯಂತ್ರದ ಶಿಸ್ತು ಮಾತ್ರ ಅವನಿಗೆ ಬರಲಿಲ್ಲ.

ಮಾತಿನಲ್ಲಿ ಹೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ನಮ್ಮ ಪ್ರಸಾದನಿಲಯದ ಒಬ್ಬ ಹುಡುಗ ಇಲ್ಲಿ ಮುಂದೆ ಬರಲಿ. ಬಾ ತಮ್ಮಾ. ಆರು ಸ್ಥಲಗಳ ಹೆಸರು ಹೇಳು. ಭೇಷ್, ಒಂದೇ ಉಸಿರಿಗೆ ಹೇಳಿದ. ಇನ್ನು ಇಪ್ಪತ್ತರಿಂದ ಹಿಂದಕ್ಕೆ ಆರು ಎಣಿಕೆ ಎಣಿಸು. ಅದೂ ಬಂತು. ಈಗ ಎರಡನ್ನೂ ಹೆಣೆದು ಹೇಳು. ಭಕ್ತ, ಇಪ್ಪತ್ತು. ಮಹೇಶ, ಹತ್ತೊಂಬತ್ತು. ಮುಂದೆ? (ಹುಡುಗ ತಡವರಿಸುತ್ತಾನೆ. ಸಭೆಯಲ್ಲಿ ನಗು.) ನೋಡಿದಿರಾ? ಎರಡೂ ಅವನಿಗೆ ಬಾಯಿಪಾಠವೇ. ಬೇರೆ ಬೇರೆ ಹೇಳುವಾಗ ಬೇಗ ಬಂತು, ತಪ್ಪಿಲ್ಲದೆ ಬಂತು. ಕೂಡಿಸಿದೊಡನೆ ಹೊತ್ತೂ ಹೆಚ್ಚಾಯಿತು, ತಪ್ಪೂ ಆಯಿತು. ಹೋಗಿ ಕುಳಿತುಕೋ ತಮ್ಮಾ, ಇದು ನಿನ್ನ ದೋಷವಲ್ಲ. ಇಲ್ಲಿ ನಗುತ್ತಿರುವ ಹಿರಿಯರು ಮನೆಗೆ ಹೋಗಿ ತಾವೂ ಒಮ್ಮೆ ಹೇಳಿ ನೋಡಲಿ.

ಇದನ್ನೇ ಆರ್ಥರ್ ಜೆರ್ಸಿಲ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1927ರಷ್ಟು ಹಿಂದೆಯೇ ಅಳೆದು ತೋರಿಸಿದರು. ಒಂದೇ ಬಗೆಯ ಲೆಕ್ಕಗಳಿರುವ ಪಟ್ಟಿಯನ್ನೂ, ಸರದಿಯಂತೆ ಎರಡು ಬಗೆಯ ಲೆಕ್ಕ ಬರುವ ಪಟ್ಟಿಯನ್ನೂ ಕೊಟ್ಟರೆ, ಬದಲಾಗುವ ಪಟ್ಟಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಲೆಕ್ಕ ಅವೇ, ಮಾಡುವವನೂ ಅವನೇ. ಹೆಚ್ಚಿನ ಹೊತ್ತು ಎಲ್ಲಿ ಹೋಯಿತು? ಒಂದರಿಂದ ಇನ್ನೊಂದಕ್ಕೆ ತಿರುಗುವುದರಲ್ಲಿ ಹೋಯಿತು. ಎತ್ತು ಕಟ್ಟಿ ಹೊಲ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದನೆಯ ಪಟ್ಟಿಯಲ್ಲಿ ಎತ್ತು ತಿರುಗಿಸುವುದು ಕಡಿಮೆ. ತುಂಡು ಹೊಲದಲ್ಲಿ ಅರ್ಧ ದಿನ ಎತ್ತು ತಿರುಗಿಸುವುದರಲ್ಲೇ ಕಳೆಯುತ್ತದೆ.

ಇನ್ನೊಂದು ಮಾತು. ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವನ ಮನಸ್ಸಿನಲ್ಲಿ ಹಿಂದಿನ ಕೆಲಸದ ಉಳಿಕೆ ಅಂಟಿಕೊಂಡೇ ಇರುತ್ತದೆ, ಅದರಿಂದ ಎರಡನೆಯದೂ ಕೆಡುತ್ತದೆ ಎಂದು ತೋರಿಸಿದ್ದಾರೆ. ನಮ್ಮ ತಾಯಂದಿರು ಇದನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ. ಖಾರ ಕುಟ್ಟಿದ ಕೈಯನ್ನು ತೊಳೆಯದೆ ಕೂಸನ್ನು ಎತ್ತಿಕೊಳ್ಳಬೇಡ ಎನ್ನುತ್ತಾರೆ. ಹೊಲದ ಮೇರೆಯ ಜಗಳವನ್ನು ಅರ್ಧಕ್ಕೆ ಬಿಟ್ಟು ಮಠಕ್ಕೆ ಬಂದವನು ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಕುಳಿತರೆ, ಅವನಿಗೆ ಕಾಣುವುದು ಲಿಂಗವೋ, ಮೇರೆಯ ಕಲ್ಲೋ?

ಅದೇ 2009ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೊಂದು ಪರೀಕ್ಷೆ ಮಾಡಿದರು. ಏಕಕಾಲಕ್ಕೆ ಹಲವು ಮಾಧ್ಯಮಗಳನ್ನು ಬಳಸುವ ಅಭ್ಯಾಸ ಬಹಳ ಇದ್ದವರನ್ನೂ ಕಡಿಮೆ ಇದ್ದವರನ್ನೂ ಹೋಲಿಸಿದರು. ಬಹಳ ಅಭ್ಯಾಸವಿದ್ದವರೇ ಬೇಡದ್ದನ್ನು ಬದಿಗಿಡುವುದರಲ್ಲಿ ಹಿಂದೆ ಬಿದ್ದರು. ಒಂದರಿಂದ ಒಂದಕ್ಕೆ ಹಾರುವುದರಲ್ಲಾದರೂ ಅವರು ಜಾಣರಿರಬೇಕಲ್ಲ? ಅದರಲ್ಲಿಯೂ ಹಿಂದೆಯೇ. ಅನಂತರ ಬೇರೆಯವರು ಮಾಡಿದ ಪರೀಕ್ಷೆಗಳೆಲ್ಲ ಇದೇ ಉತ್ತರವನ್ನು ಕೊಟ್ಟಿಲ್ಲ. ಅಭ್ಯಾಸದಿಂದ ಮನಸ್ಸು ಚದುರಿತೋ, ಚದುರಿದ ಮನಸ್ಸಿನವರೇ ಆ ಅಭ್ಯಾಸಕ್ಕೆ ಬಿದ್ದರೋ ಎಂಬುದೂ ಇತ್ಯರ್ಥವಾಗಿಲ್ಲ. ಮಠದ ಪೀಠದಲ್ಲಿ ಕುಳಿತು ವಿಜ್ಞಾನದ ಹೆಸರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೇಳುವುದು ಸಲ್ಲದು, ಆದ್ದರಿಂದ ಅದನ್ನೂ ಹೇಳಿದೆವು.

ರಸ್ತೆಯ ಮಾತಿನಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಯೂಟಾ ವಿಶ್ವವಿದ್ಯಾಲಯದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ಎಂಬವರು 2001ರಲ್ಲಿ ತೋರಿಸಿಕೊಟ್ಟರು: ಫೋನಿನಲ್ಲಿ ಮಾತನಾಡುತ್ತ ವಾಹನ ನಡೆಸುವ ಪರೀಕ್ಷೆಯಲ್ಲಿ ಜನ ಕೆಂಪು ದೀಪವನ್ನೇ ಕಾಣದೆ ಮುಂದೆ ಹೋಗುವುದು ಹೆಚ್ಚಾಯಿತು. ಫೋನು ಕೈಯಲ್ಲಿದ್ದರೂ ಅಷ್ಟೇ, ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಅಷ್ಟೇ. ರೇಡಿಯೋ ಕೇಳುವುದರಿಂದ ಆ ತೊಂದರೆ ಕಾಣಲಿಲ್ಲ. ಅಂದಮೇಲೆ ಕೆಟ್ಟದ್ದು ಕೈಯಲ್ಲ, ಮಾತಿನೊಡನೆ ಹೊರಟುಹೋದ ಮನಸ್ಸು. ಕಣ್ಣು ದೀಪದ ಮೇಲೆಯೇ ಇರುತ್ತದೆ, ಒಳಗೆ ನೋಡುವವನು ಇರುವುದಿಲ್ಲ. ನಮ್ಮ ದೇಶದಲ್ಲಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ, ಕೈಯಲ್ಲಿ ಫೋನು ಹಿಡಿದು ವಾಹನ ನಡೆಸುವುದನ್ನು ಅಪಾಯಕಾರಿ ಚಾಲನೆಯಲ್ಲಿ ಸೇರಿಸಿದರು. ಕುತ್ತಿಗೆ ಸೊಟ್ಟ ಮಾಡಿ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಮಠದ ಜಾತ್ರೆಗೆ ಬೈಕಿನಲ್ಲಿ ಬರುವ ಭಕ್ತರನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಅಂಥವರಿಗೆ ಆಶೀರ್ವಾದ ಮಾಡುವಾಗ ನಮ್ಮ ಕೈ ನಡುಗುತ್ತದೆ. ಹಿಂದೆ ಹೆಂಡತಿ ಕುಳಿತಿರುತ್ತಾಳೆ, ಮುಂದೆ ಟ್ಯಾಂಕಿನ ಮೇಲೆ ಮಗು ಕುಳಿತಿರುತ್ತದೆ.

ಇಲ್ಲಿ ತಿಳಿದವರು ಒಂದು ಪ್ರಶ್ನೆ ಎತ್ತುತ್ತಾರೆ. ಹಾಗಾದರೆ ಅಷ್ಟಾವಧಾನಿಗಳು? ಅವರು ಎಂಟು ಜನರಿಗೆ ಒಟ್ಟಿಗೇ ಉತ್ತರ ಹೇಳುವುದಿಲ್ಲವೇ? ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ದತ್ತಪದಿ ಕೊಡುತ್ತಾರೆ, ನಿಷೇಧಾಕ್ಷರಿಯವರು ಮುಂದಿನ ಅಕ್ಷರವನ್ನೇ ಬೇಡವೆನ್ನುತ್ತಾರೆ, ಗಂಟೆ ಬಾರಿಸುವವರು ಬಾರಿಸುತ್ತಿರುತ್ತಾರೆ, ಅಪ್ರಸ್ತುತ ಪ್ರಸಂಗಿ ನಡುವೆ ಬಂದು ಬೇಕೆಂದೇ ಕೆಣಕುತ್ತಾರೆ. ಶತಾವಧಾನಿ ಆರ್. ಗಣೇಶ ಅವರು 2012ರಲ್ಲಿ ಬೆಂಗಳೂರಿನಲ್ಲಿ ಪೂರ್ಣ ಕನ್ನಡದಲ್ಲಿಯೇ ನೂರು ಪೃಚ್ಛಕರ ಶತಾವಧಾನವನ್ನು ನಡೆಸಿದರು. ಇದು ಹೇಗೆ?

ಒಳ್ಳೆಯ ಪ್ರಶ್ನೆ. ಆದರೆ ಆ ಸಭೆಯಲ್ಲಿ ಕುಳಿತು ನೋಡಿರಿ. ಅವಧಾನಿಗಳು ಒಬ್ಬ ಪೃಚ್ಛಕರ ಬಳಿ ಇರುವಾಗ ಪೂರ್ತಿ ಅವರ ಬಳಿಯೇ ಇರುತ್ತಾರೆ. ಅವರ ಪದ್ಯಕ್ಕೆ ಒಂದು ಸಾಲು ಕೊಟ್ಟು, ಅದನ್ನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟು, ಆಮೇಲೆ ಮುಂದಿನವರ ಬಳಿಗೆ ಹೋಗುತ್ತಾರೆ. ಸುತ್ತು ಮುಗಿಸಿ ಬಂದು ಎರಡನೆಯ ಸಾಲು ಕೊಡುತ್ತಾರೆ. ಇದು ಏಕಕಾಲಕ್ಕೆ ಎಂಟು ಕೆಲಸವಲ್ಲ. ಎಂಟು ಸಲ ಒಂದೊಂದೇ ಕೆಲಸ. ಅಡಚಣೆ ಮಾಡುವವರನ್ನೂ ಆ ಕಲೆಯಲ್ಲಿ ಒಂದು ಸ್ಥಾನ ಕೊಟ್ಟು ಕೂರಿಸಿದ್ದಾರೆ ಎಂದರೆ, ಅಡಚಣೆಯಿಂದ ಮನಸ್ಸಿಗೆ ಏನಾಗುತ್ತದೆಂಬುದು ಅದನ್ನು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಎಷ್ಟೋ ವರ್ಷಗಳ ಸಾಧನೆ ಬೇಕು. ಆ ಕಲೆಗೆ ಇಟ್ಟ ಹೆಸರೂ ಅವಧಾನವೇ.

ತಾಯಂದಿರು ಆಗಿನಿಂದ ಒಳಗೊಳಗೇ ನಗುತ್ತಿದ್ದೀರಿ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ರೊಟ್ಟಿಯ ಹೆಂಚು, ಕಾಲಿನಿಂದ ತೊಟ್ಟಿಲ ಹಗ್ಗ ಜಗ್ಗುವುದು, ಬಾಗಿಲಲ್ಲಿ ಸಾಲಗಾರ, ಇದೆಲ್ಲ ನಮಗೆ ದಿನನಿತ್ಯದ್ದು, ಅಪ್ಪಾರಿಗೆ ಏನು ಗೊತ್ತು ಎಂದುಕೊಳ್ಳುತ್ತಿರಬೇಕು. ನಿಜ. ರೊಟ್ಟಿ ಬಡಿಯುವ ಕೈಗೆ ವರ್ಷಗಳ ರೂಢಿ ಇದೆ, ಅದಕ್ಕೆ ಮನಸ್ಸು ಬೇಡುವುದಿಲ್ಲ. ಇಳಕಲ್ಲಿನ ಮಗ್ಗದಲ್ಲಿ ಕೈ, ಕಾಲು, ಕಣ್ಣು ಕೂಡಿಯೇ ನಡೆಯುತ್ತವೆ, ಆದರೆ ನೇಕಾರನಿಗೆ ಅದು ಮೂರು ಕೆಲಸವಲ್ಲ, ಒಂದೇ. ಸೆರಗಿನ ಹಾಸಿಗೆ ಒಡಲಿನ ಹಾಸನ್ನು ಎಳೆ ಎಳೆಯಾಗಿ ಕೂಡಿಸುವಾಗ ಅದೇ ನೇಕಾರನನ್ನು ಮಾತನಾಡಿಸಿ ನೋಡಿರಿ, ಉತ್ತರ ಬರುವುದಿಲ್ಲ. ಮನಸ್ಸು ಬೇಡುವ ಕೆಲಸ ಎರಡು ಕೂಡಿದಾಗ ಹಾಲು ಉಕ್ಕುತ್ತದೆ, ರೊಟ್ಟಿ ಹೊತ್ತುತ್ತದೆ. ಆಗ ಬೈಸಿಕೊಳ್ಳುವವಳೂ ನೀವೇ. ಗಂಡಸರಿಗೆ ಒಂದು ಮಾತು: ಹೆಣ್ಣುಮಕ್ಕಳಿಗೆ ಹತ್ತು ಕೆಲಸ ಕೂಡಿ ಮಾಡುವುದು ಹುಟ್ಟುಗುಣ ಎಂದು ಹೊಗಳುವುದನ್ನು ಬಿಡಿರಿ. ಆ ಹೊಗಳಿಕೆಯಿಂದ ನಿಮಗೆ ಅನುಕೂಲವಿದೆ. ಎದ್ದು ತೊಟ್ಟಿಲ ಹಗ್ಗವನ್ನಾದರೂ ಹಿಡಿಯಿರಿ.

ಕೂರಿಗೆಯ ಬಿತ್ತನೆ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಈಗ ಟ್ರ್ಯಾಕ್ಟರಿನ ಕೂರಿಗೆ ಬಂದಿದೆ, ಅದಿರಲಿ. ಎತ್ತಿನ ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಬೀಜ ಬಿಡುತ್ತ ನಡೆಯುವ ಹೆಣ್ಣುಮಗಳು ಇಡೀ ಹೊಲದ ಬೆಳೆಯನ್ನು ತನ್ನ ಬೆರಳ ಸಂದಿಯಲ್ಲಿ ಹಿಡಿದಿರುತ್ತಾಳೆ. ಬೀಜ ಒಂದೇ ಸಮನೆ ಇಳಿಯಬೇಕು. ಅವಳ ಲಕ್ಷ್ಯ ಬದುವಿನ ಕಡೆಗೆ ಹೋಯಿತೆನ್ನಿ, ಆ ಹೊತ್ತಿಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮಣ್ಣು ಎಲ್ಲವನ್ನೂ ಮುಚ್ಚುತ್ತದೆ. ಮೊಳಕೆ ಎದ್ದಾಗ ಸಾಲಿನಲ್ಲಿ ತೆರಪು ಕಾಣುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಅವಳ ಮನಸ್ಸು ಬೇರೆ ಕಡೆ ಇತ್ತು ಎಂಬುದನ್ನು ಹೊಲವೇ ಬರೆದು ತೋರಿಸುತ್ತದೆ. ಆಗ ಮತ್ತೆ ಬಿತ್ತೋಣವೆಂದರೆ ಹದ ಹೋಗಿರುತ್ತದೆ.

ಈಗ ನಮ್ಮ ಕಥೆ. ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳು, ಪ್ರಸಾದನಿಲಯಕ್ಕೆ ಹುಡುಗರನ್ನು ಸೇರಿಸಿಕೊಳ್ಳುವ ದಿನಗಳು. ಕಲ್ಯಾಣಮಂಟಪದ ಕಟ್ಟಡವೂ ಆಗಲೇ ನಡೆದಿತ್ತು. ಬೆಳಗಿನ ದರ್ಶನದ ಹೊತ್ತು. ನಮ್ಮ ಕಿವಿಯಲ್ಲಿ ಫೋನಿತ್ತು, ಆ ಕಡೆ ಗುತ್ತಿಗೆದಾರರು ಸಿಮೆಂಟಿನ ಮಾತನಾಡುತ್ತಿದ್ದರು. ಬಲಗೈಯಲ್ಲಿ ಲೇಖನಿ, ಗುಮಾಸ್ತರು ಹಾಳೆ ಹಾಳೆಗೆ ಸಹಿ ಹಾಕಿಸುತ್ತಿದ್ದರು. ಎದುರಿಗೆ ಒಬ್ಬ ರೈತ ಬಂದು ನಮಸ್ಕಾರ ಮಾಡಿ ನಿಂತ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಪಕ್ಕದಲ್ಲಿ ಮಗ. ಆತ ಏನೋ ಹೇಳಿದ. ನಾವು ತಲೆಯಾಡಿಸಿ, "ಆಗಲಿ, ನೋಡೂಣು" ಎಂದೆವು. ಆತ ಇನ್ನೊಮ್ಮೆ ನಮಸ್ಕಾರ ಮಾಡಿ, ಮಗನ ಕೈ ಹಿಡಿದುಕೊಂಡು ಹೊರಟುಹೋದ. ಆ ದಿನ ನಾವು ಬಹಳ ಕೆಲಸ ಮಾಡಿದೆವೆಂಬ ತೃಪ್ತಿಯಿಂದ ಮಲಗಿದೆವು.

ಮಾಘ ಮಾಸದ ಜಾತ್ರೆಗೆ ಆ ಊರಿನ ಮಾಸ್ತರರು ಬಂದರು. ಮಾತಿನ ನಡುವೆ, ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗನಾಗಿದ್ದ ಒಬ್ಬ ಹುಡುಗ ಇಟ್ಟಿಗೆಯ ಭಟ್ಟಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ, ಮಠದಲ್ಲಿಯೂ ಜಾಗ ಸಿಗಲಿಲ್ಲವಂತೆ ಎಂದರು. ನಾವು ಗುಮಾಸ್ತರನ್ನು ಕರೆಸಿ ಕೇಳಿದೆವು. ಆ ವರ್ಷ ನಿಲಯದಲ್ಲಿ ಎರಡು ಜಾಗ ಖಾಲಿಯೇ ಇದ್ದವು. ಜಾಗ ಇರಲಿಲ್ಲವೆಂಬುದಲ್ಲ, ಕೇಳಿದ ಮಾತು ನಮ್ಮೊಳಗೆ ಇಳಿದಿರಲೇ ಇಲ್ಲ. ಮಠದ ಸ್ವಾಮಿಗಳು "ನೋಡೂಣು" ಎಂದರೆ ಬಡವನಿಗೆ ಅದರ ಅರ್ಥ "ಇಲ್ಲ" ಎಂದೇ. ಆತನಿಗೆ ಎರಡನೆಯ ಸಲ ಬಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಮರುದಿನ ನಾವೇ ಆ ಊರಿಗೆ ಹೋದೆವು. ಆ ರೈತ ಗಾಬರಿಯಾಗಿ ಕಂಬಳಿ ಹಾಸಿದ. ನಮ್ಮಿಂದ ತಪ್ಪಾಯಿತು ಎಂದೆವು. ಆತ ಹೇಳಿದ, "ತಪ್ಪು ಅಂತ ಯಾಕಂತೀರಿ ಅಪ್ಪಾರ, ನೀವು ಅವತ್ತ ಭಾಳ ಕೆಲಸದಾಗ ಇದ್ರಿ." ಆತ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಎದುರಿಗೆ ಇದ್ದ ಕೆಲಸ ಅದೊಂದೇ ಆಗಿತ್ತು, ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾವು ಮಾಡಿದ್ದೆವು. ಹುಡುಗ ಮುಂದಿನ ಜೂನ್‌ನಲ್ಲಿ ನಿಲಯಕ್ಕೆ ಬಂದ. ತನಗಿಂತ ಒಂದು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕುಳಿತ. ಈಗ ಕಾಲೇಜು ಓದುತ್ತಿದ್ದಾನೆ, ಜಾಣನಿದ್ದಾನೆ. ನಮಗೆ ನಮಸ್ಕಾರ ಮಾಡುತ್ತಾನೆ, ಆದರೆ ಏನನ್ನೂ ಕೇಳುವುದಿಲ್ಲ.

ಸಿಮೆಂಟಿನ ಮಾತು ಏನಾಯಿತೆಂದು ಕೇಳುವಿರಾ? ಅದೂ ತಪ್ಪಿಯೇ ಹೋಗಿತ್ತು. ನಾವು ಒಪ್ಪಿದ ಲೆಕ್ಕ ಒಂದು, ಸಹಿ ಹಾಕಿದ ಲೆಕ್ಕ ಇನ್ನೊಂದು.

ಅಂದಿನಿಂದ ನುಲಿಯ ಚಂದಯ್ಯನವರ ಪ್ರಸಂಗ ನಮಗೆ ಬೇರೆ ಬಗೆಯಲ್ಲಿ ಕಾಣತೊಡಗಿತು. ಶೂನ್ಯಸಂಪಾದನೆಯಲ್ಲಿ ಅವರ ಸಂಪಾದನೆಯೇ ಒಂದಿದೆ. ಹಗ್ಗಕ್ಕೆಂದು ಹುಲ್ಲು ಕೊಯ್ಯುತ್ತಿದ್ದಾಗ ಕೊರಳಿನ ಇಷ್ಟಲಿಂಗ ಜಾರಿ ಬಿತ್ತಂತೆ. ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಅವರ ಬೆನ್ನು ಹತ್ತಿ ಬಂತು ಎಂದು ಕಥೆ. ಇದನ್ನು ಕೇಳಿ ಕೆಲವರಿಗೆ ಸಂಕಟವಾಗುತ್ತದೆ, ಲಿಂಗಕ್ಕಿಂತ ಹುಲ್ಲು ಹೆಚ್ಚಾಯಿತೇ ಎನ್ನುತ್ತಾರೆ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಮರೆಯಬೇಕೆಂದು ಆಯ್ದಕ್ಕಿ ಮಾರಯ್ಯನವರು ಹೇಳಿದ್ದಕ್ಕೂ ಹೀಗೆಯೇ ಸಂಕಟಪಡುವವರಿದ್ದಾರೆ. ನಮಗೆ ತೋರುವುದು ಇಷ್ಟು: ಆ ಹಗ್ಗ ಮಾರಿ ಬಂದದ್ದರಿಂದ ಜಂಗಮದಾಸೋಹ ನಡೆಯಬೇಕಿತ್ತು. ಅರ್ಧ ಮನಸ್ಸಿನಿಂದ ಹೊಸೆದ ಹಗ್ಗ ಬಾವಿಯಲ್ಲಿ ಕೊಡದ ಸಮೇತ ಹರಿಯುತ್ತದೆ. ಚಂದಯ್ಯನವರಿಗೆ ಕೈಯಲ್ಲಿದ್ದ ಹುಲ್ಲಿನೊಳಗೇ ಲಿಂಗವಿತ್ತು. ನಮಗೆ ರುಮಾಲು ಹಿಡಿದು ನಿಂತ ಆ ರೈತನೊಳಗೆ ಇತ್ತು, ನಾವು ಕಾಣಲಿಲ್ಲ.

ಪ್ರಸಾದಿಗೇ ಅವಧಾನವನ್ನು ಏಕೆ ಹೇಳಿದರೆಂಬ ಪ್ರಶ್ನೆಗೆ ಈಗ ಬರಬಹುದು. ಕೊಡುವುದಕ್ಕೆ ಶ್ರದ್ಧೆ ಇದ್ದರೆ ಸಾಕು. ಪಡೆಯುವುದಕ್ಕೆ ಲಕ್ಷ್ಯ ಬೇಕು. ಅನ್ನವಿರಲಿ, ಮಾತಿರಲಿ, ಎದುರಿಗೆ ಬಂದ ಮನುಷ್ಯನಿರಲಿ, ಲಕ್ಷ್ಯವಿಲ್ಲದವನ ಕೈಗೆ ಬಂದದ್ದು ಬರಲಿಲ್ಲ ಎಂದೇ ಲೆಕ್ಕ. ಬೆಂಗಳೂರಿನ ಹುಡುಗನ ತಾಟಿನ ಪಲ್ಯವೂ ಹಾಗೆಯೇ ಹೋಯಿತು.

ನಾವು ಮಾಡಿಕೊಂಡ ಏರ್ಪಾಡು ಸಣ್ಣದು. ದರ್ಶನದ ಹೊತ್ತಿಗೆ ಫೋನು ಗುಮಾಸ್ತರ ಬಳಿ ಇರುತ್ತದೆ. ಕಾಗದಪತ್ರಗಳು ಮಧ್ಯಾಹ್ನದ ಮೇಲೆ. ಒಬ್ಬರ ಮಾತು ಮುಗಿದ ಮೇಲೆಯೇ ಇನ್ನೊಬ್ಬರು. ಇದರಿಂದ ಸರದಿ ಉದ್ದವಾಯಿತೆಂದು ದೊರೆಗಳಂಥ ಕೆಲವು ಭಕ್ತರು ಮುನಿಸಿಕೊಂಡದ್ದೂ ಉಂಟು. ಪೂರ್ತಿ ಸಾಧಿಸಿದ್ದೇವೆಂದು ಹೇಳಲಾರೆವು, ಕಳೆದ ಜಾತ್ರೆಯಲ್ಲಿ ಎರಡು ದಿನ ತಪ್ಪಿತು. ನೀವು ಮನೆಯಲ್ಲಿ ಬೆಳಗಿನ ಪೂಜೆಯಿಂದ ಆರಂಭಿಸಬಹುದು. ವಿಭೂತಿಗಟ್ಟಿಯ ಪಕ್ಕದಲ್ಲಿ ಫೋನು ಇಡುವುದನ್ನು ಮೊದಲು ಬಿಡಿರಿ. ಲಿಂಗವನ್ನು ಅಂಗೈಯಲ್ಲಿಟ್ಟು ಅನಿಮಿಷ ದೃಷ್ಟಿಯಿಂದ ಹತ್ತು ನಿಮಿಷ ನೋಡಿರಿ. ಮನಸ್ಸು ಸಂತೆಗೆ ಹೋಗುತ್ತದೆ, ಕೋರ್ಟಿಗೆ ಹೋಗುತ್ತದೆ. ಹೋಗಲಿ. ಹೋಯಿತೆಂದು ಗೊತ್ತಾದಾಗ ಬೈಯದೆ ಕರೆದುಕೊಂಡು ಬನ್ನಿರಿ. ನಮಗೆ ದೀಕ್ಷೆ ಕೊಟ್ಟ ಗುರುಗಳು, ಹತ್ತು ಸಲ ಹೋದರೆ ಹತ್ತು ಸಲ ಕರೆತಂದೆಯಲ್ಲ, ಅಷ್ಟು ಪೂಜೆಯಾಯಿತು ಎನ್ನುತ್ತಿದ್ದರು.

ಪ್ರಸಾದದ ಗಂಟೆಯಾಗುತ್ತ ಬಂತು. ದಾಸೋಹದ ಬಾಗಿಲಲ್ಲಿ ನಿಲಯದ ಹುಡುಗರು ಬುಟ್ಟಿಗಳನ್ನು ಇಟ್ಟುಕೊಂಡು ಕುಳಿತಿದ್ದಾರೆ. ಫೋನಿಗೊಂದು ಚೀಟಿ ಕೊಡುತ್ತಾರೆ, ಊಟವಾದ ಮೇಲೆ ಚೀಟಿ ತೋರಿಸಿ ತೆಗೆದುಕೊಳ್ಳಿರಿ. ಒತ್ತಾಯವಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವರು, ಮಗಳನ್ನು ಹೆರಿಗೆಗೆ ಕಳಿಸಿ ಬಂದವರು ತಮ್ಮ ಬಳಿಯೇ ಇಟ್ಟುಕೊಳ್ಳಲಿ. ಇಂದಿನ ಪಲ್ಯ ಏನೆಂದು ನಾವು ಹೇಳುವುದಿಲ್ಲ, ಬಡಿಸುವವರಿಗೂ ಹೇಳಬೇಡಿರೆಂದು ತಿಳಿಸಿದ್ದೇವೆ. ಬೆಂಗಳೂರಿನ ಆ ಹುಡುಗ ಇಂದೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಊಟವಾದ ಮೇಲೆ ಅವನನ್ನು ಇನ್ನೊಮ್ಮೆ ಕೇಳುವವರಿದ್ದೇವೆ.